ಚಳಿಯವ್ವ ಕೊಟ್ಟ ಎಲುಬು

ಭೂಮಿ ಇನ್ನೂ ಹಸಿಯಾಗಿದ್ದಾಗ, ಬೆಟ್ಟಗಳು ಎಲ್ಲಿ ಕೂರಬೇಕೆಂದು ತಿಳಿಯದೆ ಅತ್ತಿತ್ತ ಸರಿದಾಡುತ್ತಿದ್ದಾಗ, ಚಳಿಗೂ ನಮ್ಮ ಹಾಗೇ ಮೈ ಇತ್ತು. ಮೈಯೊಳಗೆ ಎಲುಬೂ ಇತ್ತು. ನಗಬೇಡ, ಕೇಳು. ಚಳಿಯವ್ವ ಎಂದು ಕರೆಯುತ್ತಿದ್ದರು. ವರ್ಷಕ್ಕೊಮ್ಮೆ ಬರುವಳು, ಜನರ ಚರ್ಮ ಸವರುವಳು, ಹೋಗುವಳು. ಒಳಗೆ ಕೈ ಹಾಕಿದವಳೇ ಅಲ್ಲ, ಪಾಪ.

ಆಗ ಕೆಂಚವ್ವ ಅಂತ ಒಬ್ಬಳು ಕುರಿ ಕಾಯುತ್ತಿದ್ದಳು. ಅವಳಿಗೆ ಬೀರಿ ಅಂತ ಮಗಳು ಹುಟ್ಟಿದಳು, ಎಲುಬೇ ಇಲ್ಲದೆ. ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ತೋಳಿನಿಂದ ಜಾರುತ್ತಿದ್ದಳು. ಕೆಂಚವ್ವ ಗಾಳಿಯನ್ನು ಕೇಳಿದಳು. ನನ್ನಲ್ಲಿ ಎಲುಬಿಲ್ಲ ಅಂದಿತು ಗಾಳಿ. ಹೊಳೆಯನ್ನು ಕೇಳಿದಳು. ನನ್ನಲ್ಲೂ ಇಲ್ಲ ಅಂದಿತು ಹೊಳೆ. ಕೊನೆಗೆ ಹೋಗಿ ಚಳಿಯವ್ವನ ಕಾಲು ಹಿಡಿದಳು.

ಚಳಿಯವ್ವನ ಮನಸ್ಸು ಕರಗಿತು. ಬೇಸಿಗೆಯೆಲ್ಲ ಗವಿಯಲ್ಲಿ ಮಲಗುವ ನನಗೆ ಎಲುಬು ಯಾಕೆ, ಬರುವ ಮಾಗಿಯ ತನಕ ಇಟ್ಟುಕೋ, ಅಷ್ಟರಲ್ಲಿ ಬೇರೆ ದಾರಿ ಹುಡುಕಿಕೋ ಅಂದಳು. ಒಂದೊಂದೇ ಎಲುಬು ತೆಗೆದು ಕೊಟ್ಟಳು. ಆಗಿನ ಎಲುಬು ಯಾರ ಮೈಗೆ ಸೇರಿದರೂ ಆ ಮೈಯ ಅಳತೆಗೆ ಬರುತ್ತಿತ್ತು.

ಬೀರಿ ಕೂತಳು, ನಿಂತಳು, ಓಡಿದಳು. ಬೇರೆ ದಾರಿ ಮಾತ್ರ ಸಿಗಲಿಲ್ಲ. ಕೆಂಚವ್ವ ಹೆದರಿಕೆಯಿಂದ ವರ್ಷವೆಲ್ಲ ಮಗಳನ್ನು ಒಲೆಯ ಮುಂದೆ, ತನ್ನ ಮಗ್ಗುಲಲ್ಲೇ ಇಟ್ಟುಕೊಂಡಳು. ಮಾಗಿ ಬಂದೇ ಬಂತು.

ಕುರಿ ಕಾಯುವವಳ ಬುದ್ಧಿ ಎಲ್ಲಿ ಹೋದೀತು? ಎರಡು ಹಿಂಡು ಬೆರೆತರೆ, ಯಾರ ಕುರಿ ಯಾವುದೆಂದು ಕಿವಿಯಲ್ಲಿ ಕೊಯ್ದ ಗುರುತು ನೋಡಿ ಹೇಳುತ್ತಾರೆ. ಎಲುಬಿಗೆ ಎಲ್ಲಿದೆ ಗುರುತು, ಅಂದುಕೊಂಡಳು. ಹಟ್ಟಿಯ ಮಕ್ಕಳನ್ನೆಲ್ಲ ಆಟಕ್ಕೆಂದು ಕರೆದು, ಒಂದೇ ಥರದ ಕಂಬಳಿ ಹೊದಿಸಿ, ನಡುವೆ ಬೀರಿಯನ್ನು ಕೂರಿಸಿದಳು.

ಚಳಿಯವ್ವ ತೆವಳುತ್ತಾ ಬಂದಳು. "ನನ್ನದು ನನಗೆ ಕೊಡವ್ವ, ನಿಲ್ಲಾಕ ಆಗವಲ್ದು" ಅಂದಳು.

ನನಗೆ ಗೊತ್ತಿಲ್ಲ, ಇವರಲ್ಲೇ ಹುಡುಕಿಕೋ ಅಂದಳು ಕೆಂಚವ್ವ. ಎಂಥ ಎದೆ ನೋಡು ಅವಳದು!

ಚಳಿಯವ್ವ ಅಂದು ಮೊದಲ ಸಲ ಚರ್ಮದೊಳಗೆ ಕೈ ಹಾಕಿದಳು. ಇದು ನನ್ನದಾ, ಇದು ನನ್ನದಾ ಎನ್ನುತ್ತಾ ಒಂದೊಂದೇ ಎಲುಬು ಮುಟ್ಟಿದಳು. ಅನುಮಾನ ಬಂದಲ್ಲಿ ತುಸು ಹೊತ್ತು ತಡೆದಳು. ಅವಳ ಕೈ ತಡೆದು ನಿಂತ ಮಗು ನೀಲಿಗಟ್ಟಿತು. ಹಾಗೆ ಏಳು ಮಕ್ಕಳು ಸತ್ತವು. ತಾಯಂದಿರು ಎದೆ ಬಡಿದುಕೊಂಡು ಬಂದು, ಯಾರೆಂದು ಹೇಳೇ ಅಂತ ಕೆಂಚವ್ವನನ್ನು ಅಂಗಲಾಚಿದರು. ಅವಳು ಬಾಯಿ ಬಿಡಲಿಲ್ಲ. ಅವಳನ್ನು ಬಯ್ಯೋಣವೆಂದರೆ ನನಗೆ ಈಗಲೂ ಬಾಯಿ ಬರುವುದಿಲ್ಲ, ಕ್ಷಮಿಸೋಣವೆಂದರೆ ಮನಸ್ಸು ಬರುವುದಿಲ್ಲ.

ಬೀರಿಯೇ ಕಂಬಳಿ ಸರಿಸಿ ಎದ್ದಳು. "ಅಜ್ಜೀ, ನಿನ್ನ ಎಲುಬು ನನ್ನ ಹತ್ರ ಐತಿ, ತಗೋ" ಅಂದಳು.

ಚಳಿಯವ್ವ ಮುಟ್ಟಿ ನೋಡಿದಳು. ಆ ಎಲುಬು ಎಲ್ಲ ಮಕ್ಕಳ ಎಲುಬಿಗಿಂತ ಬೆಚ್ಚಗಿತ್ತು.

"ಇದಂತೂ ನನ್ನದಲ್ಲ. ನೀನೂ ಸುಳ್ಳು ಹೇಳ್ತೀಯೇನು ಮಗಾ?" ಅಂದು ಮುಂದಕ್ಕೆ ಹೊರಳಿದಳು. ಬೀರಿ ಅಳುತ್ತಾ ಬೆನ್ನು ಹತ್ತಿದರೂ ತಿರುಗಿ ನೋಡಲಿಲ್ಲ.

ಬೀರಿ ಬೆಳೆದಳು, ಮುದುಕಿಯಾದಳು, ಮಣ್ಣಾದಳು. ಚಳಿಯವ್ವನಿಗೆ ಅದು ಗೊತ್ತಿಲ್ಲ. ತನ್ನ ಎಲುಬು ಒಯ್ದವಳಿಗೆ ಈಗ ವಯಸ್ಸಾಗಿರಬೇಕು ಅಂದುಕೊಂಡು ಮನೆ ಮನೆ ಹುಡುಕುತ್ತಾಳೆ. ಅದಕ್ಕೇ ಮಾಗಿಯ ಬೆಳಗಿನಲ್ಲಿ ಚಳಿ ನಿನ್ನ ಎಲುಬನ್ನು ಮುಟ್ಟಿ ಬಿಟ್ಟುಬಿಡುತ್ತದೆ, ನನ್ನ ಮುದಿ ಮೊಣಕಾಲಿಗೆ ಬಂದರೆ ಮಾತ್ರ ಏಳುವುದೇ ಇಲ್ಲ.