ಗೀಜಗ ಓದದ ಕಾರ್ಡು

ಕೆರೆಯಂಚಿನ ಜಾಲಿಮರದ ಗೀಜಗಕ್ಕೆ ದೇಶದೇಶದ ಹಕ್ಕಿಗಳೊಡನೆ ಕಾಗದದ ಗೆಳೆತನ. ಬಂದ ಚಿತ್ರದ ಕಾರ್ಡುಗಳನ್ನೆಲ್ಲ ಅದು ಗೂಡಿನ ಒಳಗೋಡೆಗೆ ಹಸಿಮಣ್ಣಿನಿಂದ ಮೆತ್ತಿ, ಕಂಡವರಿಗೆಲ್ಲ ತೋರಿಸಿ ಬೀಗುತ್ತಿತ್ತು. ಕಾರ್ಡು ತಿರುಗಿಸಿ ಓದುವಷ್ಟು ಪುರುಸೊತ್ತು ಅದಕ್ಕೆಲ್ಲಿ? ಉತ್ತರವನ್ನೇನೋ ತಪ್ಪದೆ ಬರೆಯುತ್ತಿತ್ತು: ‘ಚಿತ್ರ ಸೊಗಸಾಗಿದೆ. ಇನ್ನೊಂದು ಕಳಿಸಿ.’

ಒಂದು ಚಳಿಗಾಲ ಹಿಮದ ನಾಡಿನ ಹೆಬ್ಬಾತು ತಾನೇ ಕೆರೆಗೆ ಬಂದಿಳಿಯಿತು.

“ಬಾ ಅಕ್ಕಾ! ನಿನ್ನ ಸರೋವರದ ಚಿತ್ರಕ್ಕೆ ನನ್ನ ಗೂಡಿನಲ್ಲಿ ಮೊದಲ ಜಾಗ,” ಎಂದಿತು ಗೀಜಗ.

“ಚಿತ್ರದ ಹಿಂಬದಿಗೆ ಬರೆದದ್ದನ್ನು ಓದಿದೆಯಾ, ತಮ್ಮಾ?”

ಗೀಜಗ ರೆಕ್ಕೆ ಕೊಡವಿತು. “ಓದದೆ ಇರುತ್ತೇನೆಯೇ? ಓದಿ ಬಹಳ ಖುಷಿಯಾಯಿತು.”

ಹೆಬ್ಬಾತು ಅದರ ಮುಖವನ್ನೇ ನೋಡಿತು. ರೆಕ್ಕೆ ಬಿಚ್ಚಿ ಹಾರಿಹೋಯಿತು.

ಗೀಜಗ ಗೂಡಿಗೆ ನುಗ್ಗಿ ಆ ಕಾರ್ಡನ್ನು ಗೋಡೆಯಿಂದ ಕಿತ್ತಿತು. ಕೊಕ್ಕಿನಿಂದ ಮಣ್ಣು ಕೆರೆದಂತೆ ಅಕ್ಷರಗಳೂ ಉದುರಿದವು. ಉಳಿದದ್ದು ಇಷ್ಟೇ: ‘ನನ್ನ ಮರಿಗಳೆಲ್ಲ ಹಿಮಗಾಳಿಗೆ ಸಿಕ್ಕಿ ಸತ್ತವು. ನಿನಗಲ್ಲದೆ ಇನ್ನಾರಿಗೂ ಹೇಳಿಲ್ಲ...’

ಆ ಕಾರ್ಡು ಈಗಲೂ ಗೋಡೆಯಲ್ಲಿದೆ, ಬರಹ ಈಚೆಗೆ, ಚಿತ್ರ ಮಣ್ಣಿಗೆ. ಅದರಲ್ಲಿ ಯಾವ ಊರಿನ ಚಿತ್ರವಿದೆ ಎಂದು ಯಾರಾದರೂ ಕೇಳಿದರೆ ಗೀಜಗ ತಲೆ ಎತ್ತುವುದಿಲ್ಲ.