ಒಮ್ಮೆಯೂ ಬೀಳದ ರಾಜ

"ಗುರುಗಳೇ, ನೋವನ್ನು ನಾಲ್ಕು ಜನರೆದುರು ತೋರಿಸಿಕೊಳ್ಳದವನೇ ಅಲ್ಲವೇ ನಿಜವಾದ ಗಂಡಸು?" ಎಂದು ಗರಡಿಯ ಶಿಷ್ಯನೊಬ್ಬ ಕೇಳಿದ.

ಮರುದಿನ ಜೋಡಿ ಕಟ್ಟುವುದಿತ್ತು. ಯಾರು ಯಾರ ಮೇಲೆ ಕುಸ್ತಿ ಹಿಡಿಯಬೇಕೆಂದು ಊರಿನ ಗರಡಿಗಳೆಲ್ಲ ಸೇರಿ ಗೊತ್ತು ಮಾಡುವ ದಿನ. ಅಲ್ಲಿ ಶಿಷ್ಯನ ಹೆಸರು ಕೊಡಬೇಕಾದವರು ಗುರುಗಳು. ಗರಡಿಯಲ್ಲಿ ಉಳಿದವರೆಲ್ಲ ಚಡ್ಡಿಯಲ್ಲಿದ್ದರು. ಇವನೊಬ್ಬ ಪಂಚೆಯನ್ನು ಕಣಕಾಲಿನವರೆಗೆ ಇಳಿಬಿಟ್ಟುಕೊಂಡು ಗೋಡೆಗೆ ಒರಗಿದ್ದ. ಬೆಳಗಿನಿಂದ ಅವನು ಕೂತಿರಲಿಲ್ಲ. ಕೂತರೆ ಏಳಬೇಕಾಗುತ್ತಿತ್ತು.

ಗುರುಗಳು ಎಣ್ಣೆಯ ಬಟ್ಟಲನ್ನು ಕೆಂಡದ ಮೇಲಿಟ್ಟರು. "ಕೂತುಕೋ ಎಂದರೆ ನೀನು ಕೂರುವವನಲ್ಲ. ನಿಂತೇ ಕೇಳು," ಎಂದು ಕತೆ ಹೇಳತೊಡಗಿದರು.

ಕಡಲಾಚೆ ಒಂದು ದ್ವೀಪ. ಅಲ್ಲಿ ಒಬ್ಬ ರಾಜ. ಆಳು ಆರಡಿ, ಎದೆ ಬಾಗಿಲಗಲ. ಆ ದೇಶದಲ್ಲಿ ಒಂದು ಆಟವಿತ್ತು. ಇಬ್ಬರು ಮೈತುಂಬ ಉಕ್ಕಿನ ಕವಚ ತೊಟ್ಟು, ಕುದುರೆ ಹತ್ತಿ, ಬಯಲಿನ ಎರಡು ತುದಿಯಿಂದ ನುಗ್ಗಿ ಬರಬೇಕು. ಉದ್ದನೆಯ ಭರ್ಚಿಯಿಂದ ಒಬ್ಬನನ್ನೊಬ್ಬ ಕೆಡವಬೇಕು. ರಾಜ್ಯವನ್ನು ಮಂತ್ರಿ ನೋಡಿಕೊಳ್ಳಲಿ, ಆಟ ನನಗಿರಲಿ ಎನ್ನುವಂಥ ರಾಜ ಅವನು. ಆಡಲಿ, ಬೇಡವೆಂದವರು ಯಾರು? ಚೆನ್ನಾಗಿಯೇ ಆಡುತ್ತಿದ್ದ.

ಒಂದು ಸಲ ಮುಖ ಮುಚ್ಚುವ ಕವಚವನ್ನು ಕೆಳಗೆ ಎಳೆದುಕೊಳ್ಳದೆಯೇ ಕುದುರೆ ಬಿಟ್ಟ. ಜನ ಬೇಡ ಬೇಡವೆಂದು ಕೂಗಿದರು. ಕೇಳಿಸಿಕೊಂಡರೆ ತಾನೆ! ಎದುರಾಳಿಯ ಭರ್ಚಿ ಹುಬ್ಬಿಗೆ ಬಡಿಯಿತು. ರಾಜ ಮಣ್ಣು ಮುಕ್ಕಿದ. ಎದ್ದವನು ರಕ್ತ ಒರೆಸಿಕೊಂಡು, ತನಗೇನೂ ಆಗಿಲ್ಲವೆಂದು ತೋರಿಸುವುದಕ್ಕೇ ಮತ್ತೆ ಕುದುರೆ ಹತ್ತಿದ.

ರಾಜ ಮಣ್ಣಿನಲ್ಲಿ ಬಿದ್ದಿದ್ದಾಗ, ಒಡೆಯನನ್ನು ಹೀಗೆ ನೋಡಬಾರದೆಂದು ಮುದುಕನೊಬ್ಬ ಮರ್ಯಾದೆಗೆ ಬೆನ್ನು ತಿರುಗಿಸಿದ್ದ. ಅದು ರಾಜನಿಗೆ ಬಹಳ ಹಿಡಿಸಿತು. ಮರುದಿನವೇ ಡಂಗುರ ಹೊಡೆಸಿದ. ರಾಜ ಬಿದ್ದೊಡನೆ ಕಹಳೆ ಊದಬೇಕು. ಕಹಳೆ ಕೇಳಿದವರೆಲ್ಲ ಬೆನ್ನು ತಿರುಗಿಸಬೇಕು. ರಾಜ ಎದ್ದು ಕೈ ಎತ್ತಿದಾಗ ಮತ್ತೆ ಕಹಳೆ ಮೊಳಗುತ್ತದೆ. ಆಗ ಈ ಕಡೆ ತಿರುಗಬಹುದು. ಅದಕ್ಕೆ ಮುಂಚೆ ತಿರುಗಿದವನ ತಲೆ ಉಳಿಯುವುದಿಲ್ಲ. ಕಹಳೆಯವನೊಬ್ಬನಿಗೆ ಮಾತ್ರ ನೋಡುವ ಅಪ್ಪಣೆ. ಅವನಿಗೆ ಬಾಯಿ ಬಿಡುವ ಅಪ್ಪಣೆಯಿಲ್ಲ.

ಇನ್ನೊಮ್ಮೆ ಬಿದ್ದಾಗ ರಾಜ 'ಅಯ್ಯೋ' ಎಂದುಬಿಟ್ಟ. ಬೆನ್ನು ತಿರುಗಿಸಿದವರಿಗೂ ಅದು ಕೇಳಿಸಿತು. ಇದೂ ಆಗದು ಎಂದುಕೊಂಡ ರಾಜ. ಅಂದಿನಿಂದ ಕಹಳೆಯ ಹಿಂದೆಯೇ ನಗಾರಿ ಬಡಿಯಬೇಕೆಂದಾಯಿತು. ಎರಡನೆಯ ಕಹಳೆಯವರೆಗೆ ನಗಾರಿ ನಿಲ್ಲಕೂಡದು.

ಹೀಗೆ ಆ ದೇಶದಲ್ಲಿ ರಾಜ ಬಿದ್ದದ್ದನ್ನು ನೋಡಿದವರಿಲ್ಲ, ಅವನ ನರಳಾಟ ಕೇಳಿದವರಿಲ್ಲ. ನಮ್ಮ ಒಡೆಯ ಒಮ್ಮೆಯೂ ಬೀಳದವನು ಎಂದು ಭಟ್ಟಂಗಿಗಳು ಹಾಡಿದರು. ಅವರು ಹಾಡಿದ್ದು ಹೊಟ್ಟೆಪಾಡಿಗೆ. ಆದರೆ ಇವನು ನಂಬಿದ ನೋಡು, ಅದಕ್ಕೇನು ಹೇಳೋಣ!

ಆಮೇಲೆ ಒಮ್ಮೆ ಕುದುರೆಯೂ ಅವನ ಮೇಲೆಯೇ ಬಿತ್ತು. ಮೊಣಕಾಲಿನ ಕೆಳಗೆ ಗಾಯವಾಯಿತು. ಮೇಲೆ ಮಾಗಿತು, ಒಳಗೆ ಕೀವು ತುಂಬಿತು. ಆ ದೇಶದ ಗಂಡಸರಿಗೆ ಮೀನಖಂಡದ ಚೆಲುವು ತೋರಿಸುವ ಹುಚ್ಚು. ಬಿಗಿಯಾದ ಕಾಲುಚೀಲ ಹಾಕಿ, ಮೊಣಕಾಲಿನ ಕೆಳಗೆ ರೇಷ್ಮೆಯ ಪಟ್ಟಿ ಕಟ್ಟುತ್ತಿದ್ದರು. ರಾಜ ಆ ಪಟ್ಟಿಯನ್ನು ಗಾಯದ ಮೇಲೆಯೇ ಬಿಗಿದ.

ಅರಮನೆಯ ವೈದ್ಯ ಬಂದ. "ಪ್ರಭು, ಪಟ್ಟಿ ಬಿಚ್ಚಬೇಕು. ಕೀವು ಹೊರಗೆ ಹೋಗಬೇಕು. ಒಂದು ವರ್ಷ ಕುದುರೆಯ ಹತ್ತಿರ ಸುಳಿಯಬಾರದು," ಎಂದ.

"ಈ ಗಾಯ ಯಾತರಿಂದ ಆಯಿತು?"

"ತಾವು ಕುದುರೆಯಿಂದ ಬಿದ್ದು..."

"ನಾನು ಬಿದ್ದದ್ದನ್ನು ನೀನು ಕಂಡೆಯಾ?"

"ಇಲ್ಲ ಪ್ರಭು. ಬೆನ್ನು ತಿರುಗಿಸಿದ್ದೆ."

"ಮತ್ತೇನಯ್ಯಾ! ಬೀಳದವನಿಗೆ ಗಾಯ ಎಲ್ಲಿಂದ ಬರುತ್ತದೆ? ಮುಲಾಮು ಕೊಡು, ಪುರಾಣ ಬೇಡ."

ಇಲ್ಲಿ ಶಿಷ್ಯ ಗಟ್ಟಿಯಾಗಿ ನಕ್ಕ. "ಎಂಥ ಪೆದ್ದ ರಾಜ, ಗುರುಗಳೇ!"

"ನಗು ಮಗನೇ, ನಗು. ಗೋಡೆಗೆ ಒರಗಿಕೊಂಡೇ ನಗು, ಬಿಟ್ಟರೆ ಬಿದ್ದೀಯೆ," ಎಂದು ಗುರುಗಳು ಕತೆ ಮುಂದುವರಿಸಿದರು.

ಕಾಲು ಕೆಟ್ಟಿತು, ಓಡಾಟ ನಿಂತಿತು. ಊಟ ಮಾತ್ರ ಹಿಂದಿನದೇ. ಮೈ ಬೆಳೆಯಿತು. ಕವಚ ಹಿಡಿಸದಾಯಿತು. ರಾಜ ಕಮ್ಮಾರನನ್ನು ಕರೆಸಿ, ಕವಚ ಕುಗ್ಗಿದೆ ಎಂದು ಗದರಿಸಿದ. ಉಕ್ಕು ಎಲ್ಲಾದರೂ ಕುಗ್ಗುತ್ತದೆಯೇ? ಹೌದು ಪ್ರಭು, ಚಳಿಗೆ ಕುಗ್ಗುತ್ತದೆ ಎಂದ ಕಮ್ಮಾರ. ಅವನಿಗೂ ತಲೆಯ ಮೇಲೆ ಆಸೆಯಿತ್ತು. ಗಾಯ ನಾರಿದಾಗ ಸಭೆಯಲ್ಲಿ ಅತ್ತರು ಚಿಮುಕಿಸಿದರು. ರಾಜನನ್ನು ಕುದುರೆಯ ಮೇಲೆ ಕೂರಿಸುವುದಕ್ಕೆ ಹಗ್ಗ, ರಾಟೆ ಬಂದವು. ಬಾವಿಯಿಂದ ಕೊಡ ಎತ್ತಿದ ಹಾಗೆ ಎತ್ತಬೇಕು. ಆಗಲೂ ಕಹಳೆ, ಆಗಲೂ ನಗಾರಿ, ಆಗಲೂ ಎಲ್ಲರ ಬೆನ್ನು. ಅಷ್ಟೆಲ್ಲ ಏಕೆ, ಆಟ ಬಿಡಬಾರದೇ? ಬಿಡುತ್ತಿದ್ದ. ಒಮ್ಮೆಯೂ ಬೀಳದವನು ಯಾವ ನೆಪ ಹೇಳಿ ಬಿಡಬೇಕು?

ಕೊನೆಯ ಆಟದ ದಿನ ಎದುರಾಳಿ ಭರ್ಚಿಯನ್ನು ಬೇಕೆಂದೇ ಅತ್ತ ಹಿಡಿದಿದ್ದ. ರಾಜನನ್ನು ಮುಟ್ಟುವ ಧೈರ್ಯ ಯಾರಿಗಿದೆ? ಆದರೆ ಕುದುರೆಗೆ ಅರಮನೆಯ ಮರ್ಯಾದೆ ಗೊತ್ತಿರಲಿಲ್ಲ. ಅಷ್ಟು ಭಾರ ಹೊರಲಾರದೆ ಅದು ಮುಗ್ಗರಿಸಿತು. ರಾಜ ಕೆಳಗೆ, ಕುದುರೆ ಮೇಲೆ.

ಕಹಳೆ ಕೇಳಿಸಿತು. ಜನ ಬೆನ್ನು ತಿರುಗಿಸಿದರು. ನಗಾರಿ ಮೊಳಗಿತು.

ರಾಜ ಕೂಗಿದ. ಕುದುರೆ ಎತ್ತಿ ಎಂದು ಕೂಗಿದ. ಈ ಕಡೆ ತಿರುಗಿ ಎಂದು ಕೂಗಿದ. ತಾನು ಬಿದ್ದಿದ್ದೇನೆ ಎಂದೂ ಕೂಗಿದ. ಹುಟ್ಟಿದ ಮೇಲೆ ಅದೊಂದೇ ಸಲ ಆ ಮಾತು ಅವನ ಬಾಯಿಂದ ಬಂದದ್ದು. ನಗಾರಿಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕಹಳೆಯವನು ಕಣ್ಣರಳಿಸಿ ನೋಡುತ್ತಲೇ ಇದ್ದ. ರಾಜನ ಕೈ ಎದ್ದರೆ ಊದುವುದು ಅವನ ಕೆಲಸ. ಎರಡೂ ಕೈ ಕುದುರೆಯ ಅಡಿಯಲ್ಲಿದ್ದವು. ಅವನು ಊದಲಿಲ್ಲ.

ಬಡಿದೂ ಬಡಿದೂ ನಗಾರಿಯವರ ತೋಳು ಸೋತವು. ಬಯಲು ಸದ್ದಡಗಿತು. ಆಗ ಕೇಳಿಸಿದ್ದು ಕುದುರೆಯ ಏದುಸಿರು ಮಾತ್ರ. ವೈದ್ಯನಿಗೆ ತಡೆಯಲಾಗಲಿಲ್ಲ. ಹೋದರೆ ತಲೆ ತಾನೆ ಎಂದು ತಿರುಗಿ ಓಡಿದ. ಹತ್ತು ಜನರನ್ನು ಕೂಗಿ ಕುದುರೆಯನ್ನು ಎಬ್ಬಿಸಿ, ರಾಜನ ಮುಖದ ಕವಚ ಎತ್ತಿದ.

"ಅಷ್ಟು ಕೂಗಿದೆನಲ್ಲ, ಒಬ್ಬರಿಗೂ ಕೇಳಿಸಲಿಲ್ಲವೇ?" ಎಂದ ರಾಜ. ಧ್ವನಿ ತುಟಿ ದಾಟಲಿಲ್ಲ.

"ಕೇಳಿಸಬಾರದೆಂದೇ ಅಲ್ಲವೇ ಪ್ರಭು, ತಮ್ಮ ಅಪ್ಪಣೆ?" ಎಂದ ವೈದ್ಯ.

ಆ ಮಾತು ಮುಗಿಯುವುದರೊಳಗೆ ರಾಜನ ಉಸಿರು ನಿಂತಿತು.

ಗುರುಗಳು ಕತೆ ನಿಲ್ಲಿಸಿದರು. ಗೋಡೆಗೆ ಒರಗಿದ್ದ ಶಿಷ್ಯ ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಲು ಹೋಗಿ ಹಲ್ಲು ಕಚ್ಚಿದ. ಆಮೇಲೆ, "ತಪ್ಪು ವೈದ್ಯನದೇ ಗುರುಗಳೇ. ಅವನು ಮೊದಲೇ ತಿರುಗಬೇಕಿತ್ತು," ಎಂದ.

ಗುರುಗಳು ಹಣೆ ಚಚ್ಚಿಕೊಂಡರು. ಬಟ್ಟಲನ್ನು ಕೆಂಡದಿಂದ ಇಳಿಸಿ ಅವನ ಕಾಲ ಬಳಿ ಇಟ್ಟರು.

"ಎಣ್ಣೆ ಕಾದಿದೆ, ಪಂಚೆ ಎತ್ತುತ್ತೀಯೋ, ಇಲ್ಲ ನಾನೂ ಆ ಕಡೆ ತಿರುಗಿ ನಗಾರಿ ಬಡಿಯಲೋ?"

ಶಿಷ್ಯನ ಕೈ ಪಂಚೆಯ ಅಂಚಿಗೆ ಹೋಯಿತು.