ಅರ್ಧ ಲೋಟ ಹಾಲು

ಸಣ್ಣೀರಮ್ಮನ ಮೊಮ್ಮಗ ತಿಪ್ಪೇಶನಿಗೆ ಒಂದೂವರೆ ವರ್ಷ. ತೊಡೆಸಂದಿಯಲ್ಲಿ ಹರ್ನಿಯಾ. ಅತ್ತಾಗಲೆಲ್ಲ ಅಲ್ಲಿ ನಿಂಬೆಹಣ್ಣಿನಷ್ಟು ಉಬ್ಬುತ್ತಿತ್ತು. ತಾಯಿ ಎರಡನೇ ಹೆರಿಗೆಯಾದ ಹಸಿ ಬಾಣಂತಿ. ಹಾಗಾಗಿ ಅಜ್ಜಿಯೇ ಮಗುವನ್ನು ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಬಂದಳು.

"ಬೆಳಿಗ್ಗೆ ಆಪರೇಷನ್. ಏನೂ ತಿನ್ನಿಸಬೇಡ," ಎಂದು ಹಿಂದಿನ ದಿನ ನರ್ಸ್ ಹೇಳಿದಳು. ಯಾಕೆ ಎಂದು ಹೇಳಲಿಲ್ಲ. ದನಕ್ಕೆ ಹಗ್ಗ ಬಿಗಿಯುವಾಗಲೂ ನಾವು ಒಂದು ಮಾತಾಡುತ್ತೇವೆ. ಅಜ್ಜಿಗೆ ಅಷ್ಟೂ ಸಿಗಲಿಲ್ಲ.

ಎಂಟು ಗಂಟೆಗೆ ಅಂದಿದ್ದರು. ಹತ್ತಾಯಿತು, ಕರೆಯಲಿಲ್ಲ. ಮಗು ಹಸಿದು ಅತ್ತಿತು. ಅಜ್ಜಿ ಕೂತಳು, ಎದ್ದಳು, ವರಾಂಡದ ಈ ತುದಿಯಿಂದ ಆ ತುದಿಗೆ ನಡೆದಳು. ಕೇಳಿದರೆ "ಕರೀತೀವಿ, ಕೂತ್ಕೋ" ಎಂಬ ಒಂದೇ ಉತ್ತರ. ಅಳು ಹೆಚ್ಚಿದಷ್ಟೂ ಉಬ್ಬು ಹೆಚ್ಚಿತು. ಹನ್ನೊಂದಕ್ಕೆ ಅವಳ ಜೀವ ತಡೆಯಲಿಲ್ಲ. ಕ್ಯಾಂಟೀನಿನಿಂದ ಅರ್ಧ ಲೋಟ ಹಾಲು ತಂದು ಸೆರಗಿನ ಮರೆಯಲ್ಲಿ ಕುಡಿಸಿದಳು. ತಿನ್ನಿಸಬೇಡ ಅಂದರು, ಹಾಲು ಊಟವೇ?

ಹನ್ನೊಂದೂವರೆಗೆ ಕರೆ ಬಂತು.

"ಏನೂ ಕೊಟ್ಟಿಲ್ವಲ್ಲಮ್ಮ?" ನರ್ಸ್ ಫೈಲಿನಿಂದ ತಲೆ ಎತ್ತದೆ ಕೇಳಿದಳು.

ಅದೇ ಬೆಳಿಗ್ಗೆ ಒಬ್ಬ ತಾಯಿ "ಒಂದು ಬಿಸ್ಕೆಟ್ ಕೊಟ್ಟೆ" ಅಂದಿದ್ದಳು. "ಬುದ್ಧಿ ಊರಲ್ಲೇ ಬಿಟ್ಟು ಬಂದ್ಯಾ? ನಡಿ, ಇನ್ನೊಂದು ವಾರ ಬಿಟ್ಟು ಬಾ!" ಎಂದು ಇದೇ ನರ್ಸ್ ವಾರ್ಡಿಗೆಲ್ಲ ಕೇಳುವಂತೆ ಬೈದಿದ್ದಳು. ಆ ತಾಯಿ ಕಣ್ಣೊರೆಸಿಕೊಂಡು ಹೋದದ್ದನ್ನು ಅಜ್ಜಿ ನೋಡಿದ್ದಳು.

"ಇಲ್ಲ ತಾಯಿ," ಅಂದಳು.

ಆಪರೇಷನ್ ಥಿಯೇಟರಿನ ಬಳಿ ಆಯಾ ಅದನ್ನೇ ಕೇಳಿದಳು. "ಇಲ್ಲ."

ಬಾಗಿಲು ತೆರೆದು, ಅರಿವಳಿಕೆ ಕೊಡುವ ಡಾಕ್ಟರಮ್ಮ ಮಗುವಿಗೆ ಕೈ ಚಾಚಿದರು. "ಹೊಟ್ಟೆ ಖಾಲಿ ಇದೆಯಲ್ಲ ಅಜ್ಜಿ?"

ಅಜ್ಜಿಯ ತೋಳು ಸಡಿಲವಾಗಲಿಲ್ಲ. ಒಂದೇ ಮಾತನ್ನು ಮೂರು ಜನ ಕೇಳುತ್ತಾರೆ ಅಂದರೆ ಅದರಲ್ಲಿ ಏನೋ ಇದೆ.

"ಹಾಲು ಕುಡಿಸಿದೀನಿ ಕಣವ್ವ. ಈಗಷ್ಟೇ. ಸುಳ್ಳು ಹೇಳಿದೆ. ಬೈಯೋದಿದ್ರೆ ಬೈಕೊಳ್ಳಿ."

ಜೊತೆಗೆ ಬಂದಿದ್ದ ನರ್ಸ್ ಬೈಯಲು ಬಾಯಿ ತೆರೆದಳು. ಡಾಕ್ಟರಮ್ಮ ತಡೆದರು. "ಮತ್ತಿನಲ್ಲಿರೋ ಮಗು ಕೆಮ್ಮೋದಿಲ್ಲ ಅಜ್ಜಿ. ಹೊಟ್ಟೇಲಿರೋ ಹಾಲು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಉಸಿರೇ ನಿಂತುಹೋಗಬಹುದು. ನಾಳೆ ಬೆಳಿಗ್ಗೆ ಮೊದಲು ಇವನದ್ದೇ ಮಾಡ್ತೀವಿ."

ಅಜ್ಜಿ ಮಗುವನ್ನು ಎದೆಗೆ ಅವಚಿಕೊಂಡಳು. ಆಮೇಲೆ ಎಲ್ಲರಿಗೂ ಕೇಳುವಂತೆ ಕೇಳಿದಳು: "ಈ ಎರಡು ಮಾತನ್ನ ನಿನ್ನೆ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ನರ್ಸ್ ಫೈಲು ಮಡಚಿಕೊಂಡು ಒಳಗೆ ಹೋದಳು.

ಮರುದಿನ ಆಪರೇಷನ್ ಚೆನ್ನಾಗಿ ಆಯಿತು. ಒಳಗೆ ಅದು ನಡೆಯುವಾಗ ಅಜ್ಜಿ ಬೆಂಚಿನಿಂದ ಬೆಂಚಿಗೆ ಓಡಾಡುತ್ತಿದ್ದಳು. "ಹಾಲೂ ಕೊಡಬೇಡ್ರವ್ವ. ಯಾಕೆ ಅಂತ ನಾನು ಹೇಳ್ತೀನಿ ಕೇಳಿ."

"ಸುಮ್ನೆ ಕೂತ್ಕೋ ಅಜ್ಜಿ," ಅಂದಳು ನರ್ಸ್.

ಅಜ್ಜಿ ಕೂರಲಿಲ್ಲ.

ನೀತಿ: ಕಾರಣ ಹೇಳದೆ ಅಪ್ಪಣೆ ಮಾಡುವವರು, ನಿಜ ಹೇಳಿದವರನ್ನು ಬೈಯುವವರು ತಾವೇ ಜನರಿಗೆ ಸುಳ್ಳು ಕಲಿಸುತ್ತಾರೆ. ಆ ಸುಳ್ಳಿಗೆ ಬಲಿಯಾಗುವುದು ಮಾತೇ ಬಾರದ ಮಗು. ಅವರು ಹೇಳದಿದ್ದರೆ ನೀವು ಕೇಳಿ. ಬೈದರೂ ನಿಜವನ್ನೇ ಹೇಳಿ. ಬೈಗುಳ ಸಂಜೆಯೊಳಗೆ ಮರೆತುಹೋಗುತ್ತದೆ, ಮಗು ಹೋದರೆ ಬರುವುದಿಲ್ಲ.